ವಾಸನೆ ಹೋದ ಮೇಲೆ

ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟವನು ಚಿಕ್ಕಪ್ಪ. ಮಾತು ಬಂದಾಗಿನಿಂದ ಕಂಡಕಂಡದ್ದಕ್ಕೆಲ್ಲ ಯಾಕೆ ಎಂದು ಕೇಳಿ ಮನೆಯವರ ತಲೆ ತಿನ್ನುತ್ತಿದ್ದಳು. ಇರುವೆ ಸಾಲಾಗಿ ಯಾಕೆ ಹೋಗುತ್ತದೆ, ಹಾಲು ಯಾಕೆ ಒಡೆಯುತ್ತದೆ, ಕೆಲಸದಿಂದ ಬಂದ ಅಪ್ಪ ಒಳಗೆ ಬಾರದೆ ಹಿತ್ತಲ ನಲ್ಲಿಗೆ ಯಾಕೆ ಹೋಗುತ್ತಾನೆ. ಶಾಲೆಗೆ ಕೊಟ್ಟ ಹೆಸರು ಅಲ್ಲಿಯ ಹಾಜರಿ ಪುಸ್ತಕದಲ್ಲೇ ಉಳಿಯಿತು. ಓಣಿಗೆಲ್ಲ ಅವಳು ಯಾಕಮ್ಮ.

ಹದಿನೆಂಟು ತುಂಬಿತು. ಹನ್ನೆರಡನೇ ತರಗತಿ ಮುಗಿಯಿತು. ಆ ಓಣಿಯಲ್ಲಿ ಅಷ್ಟು ಅಂಕ ಅದುವರೆಗೆ ಯಾರೂ ತೆಗೆದಿರಲಿಲ್ಲ. ಈಗ ಯಾಕೆ ಎಂದು ಕೇಳುವ ಸರದಿ ಉಳಿದವರದಾಯಿತು, ಏಕೆಂದರೆ ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತೇನೆ ಎಂದುಬಿಟ್ಟಿದ್ದಳು.

ಅದನ್ನು ಓದಿದರೆ ಏನು ಕೆಲಸ ಸಿಗುತ್ತದೆ? ಎಲ್ಲರ ಬಾಯಲ್ಲೂ ಇದೊಂದೇ. ಇಸ್ತ್ರಿ ಅಂಗಡಿಯವನು ಕಂಪ್ಯೂಟರ್ ಕೊಡಿಸಿ ಎಂದ. ಅವನು ಕಂಪ್ಯೂಟರ್ ಮುಟ್ಟಿದವನಲ್ಲ, ಅದರ ಮುಂದೆ ಕೂರುವವರ ಅಂಗಿ ಮುಟ್ಟಿದವನು. ಅಮ್ಮ ನೆಲ ಒರೆಸುವ ಕ್ಲಿನಿಕ್ಕಿನ ನರ್ಸು, ನರ್ಸಿಂಗ್ ಮಾಡಿಸು, ಕಾಯಿಲೆ ಯಾವತ್ತೂ ಮುಗಿಯೋದಿಲ್ಲ ಎಂದಳು. ಸೋದರತ್ತೆ ಟೀಚರ್ ಆಗಲಿ, ಸಂಜೆ ಬೇಗ ಮನೆಗೆ ಬರಬಹುದು ಎಂದಳು. ಹುಡುಗಿಯ ಬದುಕಿನಲ್ಲಿ ಮೂಗು ತೂರಿಸದವರು ಓಣಿಯಲ್ಲಿ ಯಾರೂ ಉಳಿಯಲಿಲ್ಲ. ಎಲ್ಲರೂ ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದರು. ಅದೇ ಅವಳಿಗೆ ಉರಿ. ಕೆಟ್ಟದ್ದಕ್ಕೆ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಅಪ್ಪನಿಗೆ ವಿಷಯ ಗಿಷಯ ಗೊತ್ತಿಲ್ಲ. ಅವನಿಗೆ ಬೇಕಾದದ್ದು ಒಂದು ಕುರ್ಚಿ. ಬೆನ್ನಿರುವ ಕುರ್ಚಿ. ಮಗಳು ಅದರಲ್ಲಿ ಕೂತು, ಮೇಲೆ ಫ್ಯಾನು ತಿರುಗುತ್ತ, ಮುಂದೆ ಕಾಗದ ಇಟ್ಟುಕೊಂಡು ಕೆಲಸ ಮಾಡಬೇಕು. ವಾಣಿಜ್ಯ ಓದಿದವರಿಗೆ ಅಂಥ ಕುರ್ಚಿ ಬೇಗ ಸಿಗುತ್ತದೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಅಂದಿನಿಂದ ವಾಣಿಜ್ಯ ವಾಣಿಜ್ಯ ಎಂದು ಬೆನ್ನು ಬಿದ್ದಿದ್ದ.

ಅಪ್ಪ ಚರಂಡಿಯವನು. ನಗರಸಭೆಯ ಗುತ್ತಿಗೆದಾರನ ಕೈಕೆಳಗೆ ಇಪ್ಪತ್ತೆರಡು ವರ್ಷ. ಬೀದಿಯ ನಡುವಿನ ಕಬ್ಬಿಣದ ಮುಚ್ಚಳ ತೆಗೆದು ಗುಂಡಿಗೆ ಇಳಿಯುತ್ತಿದ್ದ. ಸೊಂಟದವರೆಗೆ, ಕೆಲವು ಸಲ ಕುತ್ತಿಗೆಯವರೆಗೆ. ಕೆಳಗೆ ಕಣ್ಣಿಗೆ ಕೆಲಸವಿಲ್ಲ. ಕಾಲಿನ ಬೆರಳಲ್ಲಿ ಪೈಪಿನ ಬಾಯಿ ಹುಡುಕಬೇಕು, ಕೈ ತೂರಿಸಿ ಗಂಟು ಎಳೆಯಬೇಕು. ಬಟ್ಟೆ, ಕೂದಲು, ಗಾಜು, ಬ್ಲೇಡು. ಊರಿನವರು ಯಾವುದನ್ನು ಮುಟ್ಟಲಾರರೋ ಅದೆಲ್ಲ ಅವನ ಉಗುರಿನ ಸಂದಿಯಲ್ಲಿ ಇರುತ್ತಿತ್ತು. ಅವನ ಕೈಚರ್ಮ ನೀರಲ್ಲಿ ನೆನೆದ ರಟ್ಟಿನ ಹಾಗೆ ಬೆಳ್ಳಗೆ ಸುಲಿದಿತ್ತು. ಎರಡು ಸಲ ಸೋಪು ಹಚ್ಚಿ ತೊಳೆದು ಬಂದರೂ ಮಗಳ ತಟ್ಟೆ ಮುಟ್ಟುತ್ತಿರಲಿಲ್ಲ. ಬೆನ್ನಿರುವ ಕುರ್ಚಿಯಲ್ಲಿ ಆ ಇಪ್ಪತ್ತೆರಡು ವರ್ಷದಲ್ಲಿ ಅವನು ಒಮ್ಮೆಯೂ ಕೂತಿರಲಿಲ್ಲ. ಎಲ್ಲ ಆಫೀಸಿನಲ್ಲೂ ಬಾಗಿಲ ಹತ್ತಿರ ನಿಲ್ಲುತ್ತಿದ್ದ.

"ಒಂದು ಕಾರಣ ಹೇಳು," ಎಂದು ಅವನು ದಿನಾ ಕೇಳುತ್ತಿದ್ದ. "ಒಂದೇ ಒಂದು. ರಸಾಯನ ಯಾಕೆ?"

ಯಾಕಮ್ಮ ಇಷ್ಟ ಎನ್ನುತ್ತಿದ್ದಳು. ಇಷ್ಟ ಎನ್ನುವುದು ಉಳ್ಳವರ ಮಾತು ಎಂದು ಅಪ್ಪ ಎದ್ದು ಹೋಗುತ್ತಿದ್ದ.

ಕಾರಣ ಇತ್ತು. ಹೇಳುವ ಹಾಗಿರಲಿಲ್ಲ.

ಚಿಕ್ಕಪ್ಪ ಸತ್ತು ಒಂದು ವರ್ಷ ಮೇಲಾಗಿತ್ತು. ಅವನೂ ಅಪ್ಪನ ಜೊತೆ ಇಳಿಯುವವನೇ. ಇಳಿಯುವ ಮುಂಚೆ ತಲೆ ಬಾಚಿಕೊಳ್ಳುವ ಚಟ ಅವನಿಗೆ. ಜೇಬಿನಲ್ಲಿ ಸದಾ ಒಂದು ಬಾಚಣಿಗೆ. ಕೆಳಗೆ ಯಾವ ಮದುಮಗಳು ಕಾಯ್ತಿದಾಳೋ ಎಂದು ಅಪ್ಪ ರೇಗಿಸುತ್ತಿದ್ದ. ಆ ದಿನ ಮಾರುಕಟ್ಟೆಯ ಹಿಂದಿನ ಗುಂಡಿ. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ, ಕಣ್ಣಲ್ಲಿ ನೀರು ಬರುವಷ್ಟು. ಇಬ್ಬರೂ ಗುಂಡಿಯ ಬಾಯಲ್ಲೇ ಕೂತು ಕಾದರು. ಇಳಿಯುವವರಿಗೆಲ್ಲ ಗೊತ್ತಿರುವ ಕಟ್ಟಳೆ ಒಂದಿದೆ. ವಾಸನೆ ಇರುವ ತನಕ ಗಾಳಿ ಕೆಟ್ಟದ್ದು, ಇಳಿಯಬಾರದು. ವಾಸನೆ ಹೋಯಿತೆಂದರೆ ಗಾಳಿ ತಿಳಿಯಾಯಿತು, ಇಳಿಯಬಹುದು. ಅಪ್ಪನಿಗೆ ಇದನ್ನು ಅವನ ಅಪ್ಪ ಕಲಿಸಿದ್ದ. ಅಪ್ಪ ತಮ್ಮನಿಗೆ ಕಲಿಸಿದ್ದ. ಸ್ವಲ್ಪ ಹೊತ್ತಿಗೆ ವಾಸನೆ ಹೋಯಿತು. ಅಪ್ಪ ಮೂಗೆಳೆದು ನೋಡಿ, ವಾಸನೆ ಹೋಯ್ತು, ಇಳಿ ಎಂದ. ಚಿಕ್ಕಪ್ಪ ತಲೆ ಬಾಚಿಕೊಂಡು ಇಳಿದ. ಐದನೇ ಮೆಟ್ಟಿಲಿಗೆ ಕೈ ಬಿಟ್ಟ.

ಹಿಂದೆಯೇ ಧುಮುಕಲು ಹೋದ ಅಪ್ಪನನ್ನು ಇಬ್ಬರು ಸೊಂಟ ಹಿಡಿದು ನಿಲ್ಲಿಸಿದರು. ಗುತ್ತಿಗೆದಾರ ಬಂದ, ಫೋನು ಮಾಡಿದ, ವರದಿ ಬರೆಸಿದ. ಕೆಲಸಗಾರ ಕುಡಿದು ಇಳಿದಿದ್ದ ಎಂದು ಬರೆಸಿದ. ಟೀ ಹೆಚ್ಚಾದರೆ ನಿದ್ದೆ ಬರುವುದಿಲ್ಲ ಎಂದು ಅರ್ಧ ಲೋಟ ಕುಡಿಯುವವನು ಚಿಕ್ಕಪ್ಪ. ಓಣಿಯವರು ಹೋಗಿ ಕೇಳಿದರೆ, ಹಾಗಾದರೆ ಮತ್ತೆ ಯಾಕೆ ಬಿದ್ದ, ನೀವೇ ಹೇಳಿ ಎಂದು ಗುತ್ತಿಗೆದಾರ ತಿರುಗಿ ಕೇಳಿದ. ಅವರ ಹತ್ತಿರ ಉತ್ತರ ಇರಲಿಲ್ಲ. ವಾಸನೆ ಹೋಗಿತ್ತಲ್ಲ.

ಉತ್ತರ ಯಾಕಮ್ಮನಿಗೆ ಮೂರು ತಿಂಗಳ ಮೇಲೆ ಸಿಕ್ಕಿತು. ಶಾಲೆಯ ಲೈಬ್ರರಿಯಲ್ಲಿ, ರಟ್ಟು ಕಿತ್ತುಹೋದ ಒಂದು ರಸಾಯನಶಾಸ್ತ್ರದ ಪುಸ್ತಕದಲ್ಲಿ. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲಕ್ಕೆ ಹೆಸರಿತ್ತು, ತೂಕವಿತ್ತು, ಗಾಳಿಯಲ್ಲಿ ಎಷ್ಟಿದ್ದರೆ ಏನಾಗುತ್ತದೆ ಎಂಬ ಪಟ್ಟಿಯಿತ್ತು. ಸ್ವಲ್ಪ ಇದ್ದಾಗ ವಾಸನೆ ಬರುತ್ತದೆ. ಹೆಚ್ಚಾದಾಗ ಅದು ಮೊದಲು ಮೂಗನ್ನು ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು. ವಾಸನೆ ನಿಂತಿತು ಎಂದರೆ ಅನಿಲ ಹೋಯಿತು ಎಂದಲ್ಲ. ಆ ಎರಡು ಸಾಲನ್ನು ಅವಳು ನಾಲ್ಕು ಸಲ ಓದಿದಳು. ಪುಸ್ತಕವನ್ನು ಕಪಾಟಿನಲ್ಲಿಟ್ಟು ಹೊರಗೆ ಬಂದಳು.

ಮನೆಗೆ ಹೋಗಿ ಹೇಳಬೇಕು ಎಂದುಕೊಂಡಳು. ಏನೆಂದು ಹೇಳುವುದು? ನೀನು ಇಳಿ ಎಂದೆ, ಅದಕ್ಕೇ ನಿನ್ನ ತಮ್ಮ ಸತ್ತ ಎಂದೇ? ತಮ್ಮನನ್ನು ಕಳೆದುಕೊಂಡ ಮೇಲೆ ಅಪ್ಪ ಇಳಿಯುವುದನ್ನು ಬಿಟ್ಟಿದ್ದ. ಕೈಕಾಲು ಹಿಡಿದು ಮೇಲಿನ ಕೆಲಸ ಹಾಕಿಸಿಕೊಂಡಿದ್ದ, ಸರಳು ತಳ್ಳುವುದು, ಬಕೆಟ್ಟು ಎಳೆಯುವುದು. ಇಳಿಯದವನಿಗೆ ಈ ಸತ್ಯ ತಿಳಿದು ಏನಾಗಬೇಕು, ಉಳಿದ ಜೀವವೂ ಹೋಗುವುದಕ್ಕೇ ಎಂದು ಅವಳು ನುಂಗಿಕೊಂಡಳು. ನುಂಗಿದ್ದು ಒಳಗೇ ಕೂತು ಸುಡುತ್ತಿತ್ತು.

ಕಾಲೇಜಿನಲ್ಲಿ ವಿಷಯ ಆರಿಸಿಕೊಳ್ಳುವ ದಿನ ಬಂತು. ಹೆತ್ತವರ ಜೊತೆ ಬರಬೇಕು ಎಂದು ಪತ್ರದಲ್ಲಿ ಬರೆದಿತ್ತು. ಅಮ್ಮನಿಗೆ ಕ್ಲಿನಿಕ್ಕಿನಲ್ಲಿ ರಜೆ ಸಿಗಲಿಲ್ಲ. ಅಪ್ಪ ಇಸ್ತ್ರಿ ಅಂಗಡಿಯವನ ಬೂಟು ಕೇಳಿ ತಂದು ಹಾಕಿಕೊಂಡ. ಒಂದು ಅಳತೆ ದೊಡ್ಡದು. ದಾರಿಯುದ್ದಕ್ಕೂ ವಾಣಿಜ್ಯ ಅನ್ನು, ಯಾರು ಏನು ಕೇಳಿದರೂ ವಾಣಿಜ್ಯ ಅನ್ನು ಎಂದು ಪಾಠ ಹೇಳಿಕೊಡುತ್ತ ನಡೆದ.

ಮಾತಿನ ಗುಂಗಿನಲ್ಲಿ ಒಂದು ತಪ್ಪಾಯಿತು. ಅಂಥ ತಪ್ಪು ಅವರಂಥವರಿಂದಲೇ ಆಗಬೇಕು. ಅಪ್ಪನ ಕಾಲು ತಂತಾನೇ ಕಾಲೇಜಿನ ಹಿಂದಿನ ಗೇಟಿಗೆ ತಿರುಗಿತು. ಆ ಕಾಲೇಜಿನ ಚರಂಡಿಗೆ ಎಷ್ಟೋ ಸಲ ಬಂದಿದ್ದಾನೆ, ಆದರೆ ಅದಕ್ಕೊಂದು ಮುಂದಿನ ಬಾಗಿಲಿದೆ ಎಂಬುದು ಅವನ ಕಾಲಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯಾಗಲಿ, ಹೋಟೆಲಾಗಲಿ, ಕಚೇರಿಯಾಗಲಿ, ಊರಿನ ಎಲ್ಲ ಕಟ್ಟಡಗಳ ಬೆನ್ನು ಅವನಿಗೆ ಪರಿಚಯ. ಮುಖ ನೋಡಿದವನಲ್ಲ. ಗೇಟಿನ ಕಾವಲುಗಾರನೂ ಅವನನ್ನು ಗುರುತು ಹಿಡಿದು ನಕ್ಕ. ಏನೂ ಕೇಳದೆ ಪುಸ್ತಕ ತೆರೆದು ಬರೆದುಕೊಂಡ. ಯಾಕಮ್ಮ ಬಗ್ಗಿ ಓದಿದಳು. ಚರಂಡಿ, ಇಬ್ಬರು.

ಅವಳ ಮೈ ಉರಿದುಹೋಯಿತು. ನಾವು ಅದಕ್ಕೆ ಬಂದಿಲ್ಲ, ಹೊಡೆದುಹಾಕಿ ಎಂದಳು. ಬರೆದದ್ದನ್ನು ಹೊಡೆಯುವ ಹಾಗಿಲ್ಲ, ಮೇಲಿನವರು ಕೇಳುತ್ತಾರೆ ಎಂದ ಕಾವಲುಗಾರ. ಇರಲಿ ಬಾ, ಒಳಗೆ ಹೋದರಾಯಿತಲ್ಲ ಎಂದು ಅಪ್ಪ ಅವಳ ತೋಳು ಹಿಡಿದು ಎಳೆದ.

ಸಭಾಂಗಣದಲ್ಲಿ ಸಾಲು ಸಾಲು ಕುರ್ಚಿ. ಗೋಡೆಗೆ ದೊಡ್ಡ ಫಲಕ. ಎಡಕ್ಕೆ ವಿಷಯದ ಹೆಸರು, ಬಲಕ್ಕೆ ಓದಿದವರಲ್ಲಿ ನೂರಕ್ಕೆ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬ ಲೆಕ್ಕ. ವಾಣಿಜ್ಯದ ಎದುರು ಎಂಬತ್ತೆಂಟು, ಪಕ್ಕದಲ್ಲಿ ಕೆಂಪು ಚೀಟಿ, ಸೀಟು ಭರ್ತಿ. ರಸಾಯನಶಾಸ್ತ್ರ ತೀರ ಕೆಳಗೆ. ಅದರ ಎದುರು ಒಂದು ಗೆರೆ ಎಳೆದು ಬಿಟ್ಟಿದ್ದರು. ಅಪ್ಪ ಓದಿ ಮುಗಿಸುವ ಹೊತ್ತಿಗೆ ಅವನ ಮುಖ ಇಳಿದುಹೋಗಿತ್ತು. ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಹೋಗಿ ಬಾಗಿಲ ಹತ್ತಿರ ನಿಂತ. ಪಕ್ಕದಲ್ಲಿ ಹತ್ತು ಕುರ್ಚಿ ಖಾಲಿ ಇದ್ದವು.

ಮುಂದೆ ಮೇಜಿನ ಹಿಂದೆ ಮಾರ್ಗದರ್ಶಕರು ಕೂತಿದ್ದರು. ಎದೆಯ ಮೇಲೆ ಹಾಗೆಂದು ಬಿಲ್ಲೆ ಇತ್ತು. ನಯವಾದ ಮಾತು, ನಯವಾದ ಕೈ. ಯಾಕಮ್ಮನಿಗಿಂತ ಮುಂಚೆ ಹೋದವನು ಕಟ್ಟಡ ಕಟ್ಟಿಸುವವನ ಮಗ. ಪ್ರಾಚೀನ ಇತಿಹಾಸ ಬೇಕು ಎಂದ. ಅವನಿಗೆ ಅವಳಿಗಿಂತ ನೂರಾರು ಅಂಕ ಕಡಿಮೆ. ಮಾರ್ಗದರ್ಶಕರು ಕುರ್ಚಿಗೆ ಒರಗಿ ಸಂತೋಷಪಟ್ಟರು. ಮನಸ್ಸಿಗೆ ಹಿಡಿಸಿದ್ದನ್ನೇ ಓದಬೇಕು, ಕೆಲಸದ ಹಿಂದೆ ಓಡುವವರೇ ಎಲ್ಲ, ಜ್ಞಾನದ ಹಿಂದೆ ಓಡುವವರು ಎಲ್ಲಿ ಎಂದು ಬೆನ್ನು ತಟ್ಟಿ ಕಳಿಸಿದರು. ಯಾಕಮ್ಮನಿಗೆ ಧೈರ್ಯ ಬಂತು. ಆ ಮಾತು ಎಲ್ಲರಿಗೂ ಎಂದು ತಿಳಿದ ಪೆದ್ದಿ.

ಅವಳ ಅರ್ಜಿಯನ್ನು ಅವರು ಮೇಲಿಂದ ಓದುತ್ತ ಬಂದರು. ಅಂಕ ನೋಡಿ ಹುಬ್ಬೇರಿಸಿದರು. ತಂದೆಯ ಕೆಲಸ ಎಂಬಲ್ಲಿಗೆ ಬಂದು ಹುಬ್ಬು ಇಳಿಯಿತು. ನಗರಸಭೆ ನೌಕರ ಎಂದು ಬರಿ ಎಂದು ಶಾಲೆಯ ಮೇಷ್ಟ್ರು ಹೇಳಿದ್ದರು. ನೌಕರ ಆಗಿದ್ದರೆ ಬರೆಯಬಹುದಿತ್ತು. ಅವಳು ಇದ್ದದ್ದನ್ನೇ ಬರೆದಿದ್ದಳು, ಚರಂಡಿ ಕಾರ್ಮಿಕ.

"ರಸಾಯನಶಾಸ್ತ್ರ ಯಾಕಮ್ಮ ನಿನಗೆ?" ಎಂದರು. ಹೆಸರು ಹಿಡಿದು ಕರೆದ ಹಾಗಿತ್ತು. ಚಿಕ್ಕಪ್ಪ ಕರೆಯುತ್ತಿದ್ದುದು ಹಾಗಲ್ಲ.

ಕೆಲಸ ಇಲ್ಲದ ವಿಷಯ ಅದು ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಮುಂದೆ ಓದಬೇಕು, ಅದರ ಮುಂದೆ ಮತ್ತೂ ಓದಬೇಕು, ಅಷ್ಟು ವರ್ಷ ಕಾಯುವ ಶಕ್ತಿ ನಿಮ್ಮಂಥವರಿಗೆ ಎಲ್ಲಿದೆ. ಆಮೇಲೆ ಫಲಕದ ಕೊನೆಯಲ್ಲಿ ಹೊಸದಾಗಿ ಅಂಟಿಸಿದ್ದ ಸಾಲು ತೋರಿಸಿದರು. ನೈರ್ಮಲ್ಯ ನಿರ್ವಹಣೆ, ನೂರಕ್ಕೆ ನೂರು. ಓದು ಮುಗಿದ ದಿನವೇ ಕೆಲಸ. ಅದಕ್ಕೆ ನಿಮ್ಮ ಮನೆಯ ವಾತಾವರಣವೂ ಅನುಕೂಲ ಎಂದರು. ಆ ಕೆಲಸದ ಪರಿಚಯ ನಿನಗೆ ಹುಟ್ಟಿನಿಂದಲೇ ಇದೆ ಎಂದರು. ಇದನ್ನು ಅವರು ಹೊಗಳಿಕೆಯ ಹಾಗೆ ಹೇಳಿದರು.

ರಸಾಯನಶಾಸ್ತ್ರದ ಸೀಟು ಖಾಲಿ ಇದೆಯೇ ಎಂದು ಅವಳು ಕೇಳಿದಳು. ನಲವತ್ತರಲ್ಲಿ ಇಪ್ಪತ್ತೊಂಬತ್ತು ಖಾಲಿ ಎಂದು ಅವರು ಒಪ್ಪಿಕೊಂಡರು. ಹಾಗಾದರೆ ಕೊಡಿ ಎಂದಳು.

"ಖಾಲಿ ಇದೆ ಅಂತ ನಿನ್ನನ್ನ ಗುಂಡಿಗೆ ತಳ್ಳೋಕಾಗುತ್ತಾ? ನಾಳೆ ಕೆಲಸ ಇಲ್ಲದೆ ಕೂತಾಗ ನನ್ನನ್ನೇ ಬೈತೀಯ."

ಗುಂಡಿ ಎಂದರೆ ಏನೆಂದು ಅವರಿಗೆ ಗೊತ್ತಿತ್ತೇ ಎಂದು ಕೇಳಬೇಕೆನಿಸಿತು. ಅವರು ಆಗಲೇ ಪೆನ್ಸಿಲಿನಲ್ಲಿ ನೈರ್ಮಲ್ಯ ಎಂದು ಬರೆದಿದ್ದರು. ಅಪ್ಪನ ಸಹಿ ಬೇಕು, ಕರೆದುಕೊಂಡು ಬಾ, ಅವರಿಗೆ ನಾನು ತಿಳಿಸಿ ಹೇಳುತ್ತೇನೆ ಎಂದು ಅರ್ಜಿಯನ್ನು ಅವಳತ್ತ ಸರಿಸಿದರು.

ಬಾಗಿಲ ಹತ್ತಿರ ಅಪ್ಪ ಇರಲಿಲ್ಲ. ಅಲ್ಲಿದ್ದ ಜವಾನನನ್ನು ಕೇಳಿದಳು. ಚರಂಡಿಯವನಾ, ಮೇಲ್ವಿಚಾರಕರು ಬಂದು ಹಿಂದಕ್ಕೆ ಕರೆದುಕೊಂಡು ಹೋದರಲ್ಲ ಎಂದ. ಬೆಳಿಗ್ಗೆಯಿಂದ ಶೌಚಾಲಯ ಉಕ್ಕುತ್ತಿತ್ತು. ಇಷ್ಟು ಜನ ಬಂದಿರುವ ದಿನವೇ ಹೀಗಾಯಿತಲ್ಲ ಎಂದು ಮೇಲ್ವಿಚಾರಕ ತಲೆ ಕೆಡಿಸಿಕೊಂಡಿದ್ದ. ಹಿಂದಿನ ಗೇಟಿನ ಪುಸ್ತಕ ನೋಡಿದ. ಚರಂಡಿ, ಇಬ್ಬರು. ಕರೆಯುವ ಮುಂಚೆಯೇ ಬಂದಿದ್ದಾರೆ ಎಂದು ಹುಡುಕಿಕೊಂಡು ಬಂದಿದ್ದ.

ಪ್ರಯೋಗಾಲಯದ ಮೂಲೆ ತಿರುಗುವಾಗ ವಾಸನೆ ಮುಖಕ್ಕೆ ಹೊಡೆಯಿತು. ಕೊಳೆತ ಮೊಟ್ಟೆ. ಮೇಲ್ವಿಚಾರಕ ಅಲ್ಲೇ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಕರ್ಚೀಫಿನಿಂದ ಮೂಗು ಒತ್ತಿ ಹಿಡಿದು ನಿಂತಿದ್ದ. ಆಚೆ ಗುಂಡಿ. ಮುಚ್ಚಳ ತೆಗೆದಿತ್ತು. ಎರವಲು ಬೂಟು ಜೋಡಿಸಿಟ್ಟಿತ್ತು, ಅದರ ಮೇಲೆ ಮಡಿಸಿಟ್ಟ ಅಂಗಿ. ಅಪ್ಪ ಬನಿಯನ್ನಿನಲ್ಲಿ ಗುಂಡಿಯ ಬಾಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಪ್ಯಾಂಟು ಮೊಣಕಾಲಿನ ಮೇಲಕ್ಕೆ ಸುತ್ತಿತ್ತು.

ಓಡಿ ಹೋದಳು. ಅಪ್ಪನ ಮುಖದಲ್ಲಿ ಗೆಲುವಿತ್ತು. ಪ್ರಿನ್ಸಿಪಾಲರಿಗೆ ಮೇಲ್ವಿಚಾರಕ ಸಾರ್ ಹೇಳುತ್ತಾರಂತೆ, ಭರ್ತಿಯಾದರೂ ಒಂದು ವಾಣಿಜ್ಯ ಸೀಟು ಅವರ ಕೈಲಿ ಇರುತ್ತದಂತೆ, ಅರ್ಧ ಗಂಟೆಯ ಕೆಲಸ ಎಂದು ಪಿಸುಗುಟ್ಟಿದ. ಒಂದು ವರ್ಷದಿಂದ ಇಳಿಯದವನು ಇಳಿಯಲು ಹೊರಟಿದ್ದ. ಮಗಳಿಗೊಂದು ಕುರ್ಚಿಗಾಗಿ.

"ಇಳೀಬೇಡ," ಎಂದಳು.

"ಭಯ ಬೇಡ ಪುಟ್ಟ. ಕಾದಿದೀನಿ. ಆಗ ಕಣ್ಣು ಉರಿಯೋ ಹಾಗೆ ಬರ್ತಿತ್ತು. ಈಗ ನೋಡು, ವಾಸನೆ ಹೋಯ್ತು."

ಅವಳು ಉಸಿರೆಳೆದಳು. ಮೂಲೆಯಲ್ಲಿ ಮುಖಕ್ಕೆ ಹೊಡೆದದ್ದು ಇಲ್ಲಿ ಇರಲಿಲ್ಲ. ಏನೂ ಇರಲಿಲ್ಲ. ಪುಸ್ತಕದ ಎರಡು ಸಾಲು ಕಣ್ಣ ಮುಂದೆ ನಿಂತವು. ಅಪ್ಪ ಒಂದು ಕಾಲು ಒಳಗಿಟ್ಟಿದ್ದ. ಅವಳು ಅವನ ಸೊಂಟಕ್ಕೆ ಎರಡೂ ಕೈ ಹಾಕಿ ಹಿಂದಕ್ಕೆ ಬಿದ್ದಳು. ಇಬ್ಬರೂ ನೆಲಕ್ಕೆ ಬಿದ್ದರು. ಅವನು ಬಿಡು ಎಂದು ಗದರಿದ. ಬಿಡಲಿಲ್ಲ. ಗುಂಡಿಯಿಂದ ದೂರಕ್ಕೆ, ಗೋಡೆಯ ತನಕ ದರದರ ಎಳೆದಳು. ಅವಳ ಮೊಣಕೈ ತರಚಿಹೋಗಿತ್ತು.

"ವಾಸನೆ ಹೋಗಿಲ್ಲ ಅಪ್ಪ," ಎಂದಳು. "ಮೂಗು ಹೋಗಿದೆ."

ಅವನಿಗೆ ಅರ್ಥವಾಗಲಿಲ್ಲ. ಅವಳು ಮೇಲ್ವಿಚಾರಕನ ಕಡೆ ಕೈ ತೋರಿಸಿದಳು. ದೂರ ನಿಂತವರು ಇನ್ನೂ ಮೂಗು ಮುಚ್ಚಿಕೊಂಡಿದ್ದಾರೆ, ಗುಂಡಿಯ ಬಾಯಲ್ಲಿ ಕೂತ ನಿನಗೆ ಬರುತ್ತಿಲ್ಲ, ಯಾಕೆ ಎಂದು ಕೇಳಿದಳು. ಅಪ್ಪ ಆ ಕರ್ಚೀಫನ್ನೇ ನೋಡಿದ. ಅವಳು ಹೇಳಿದಳು. ಒಂದು ವರ್ಷದಿಂದ ನುಂಗಿದ್ದನ್ನು ಒಂದೇ ಉಸಿರಿಗೆ ಹೇಳಿದಳು. ಅನಿಲದ ಹೆಸರು, ಅದು ಮೊದಲು ಮೂಗನ್ನು ಕೊಲ್ಲುವುದು, ಆಮೇಲೆ ಮೈಗೆ ಬರುವುದು, ಐದನೇ ಮೆಟ್ಟಿಲಿಗೆ ಕೈ ಬಿಡುವುದು.

ಹೇಳಿ ಮುಗಿಸಿದಳು. ಅಪ್ಪ ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡ.

"ಅವತ್ತು ನಾನೇ ಇಳಿ ಅಂದೆ," ಎಂದ.

"ನಿಂಗೆ ಗೊತ್ತಿರಲಿಲ್ಲ."

"ಮತ್ತೆ ಯಾರಿಗೆ ಗೊತ್ತಿತ್ತು?"

ಇದಕ್ಕೆ ಅವಳು ಏನು ಹೇಳಬೇಕು? ಪುಸ್ತಕ ಬರೆದವರಿಗೆ ಗೊತ್ತಿತ್ತು. ಅಚ್ಚು ಹಾಕಿದವರಿಗೆ ಗೊತ್ತಿತ್ತು. ಅದನ್ನು ಓದಿ ಪಾಸಾಗಿ ನಗರಸಭೆಯಲ್ಲಿ ಕೂತ ಎಂಜಿನಿಯರುಗಳಿಗೆ ಗೊತ್ತಿತ್ತು. ಅವಳು ಹುಟ್ಟುವ ಎಷ್ಟೋ ಮುಂಚಿನಿಂದ ಗೊತ್ತಿತ್ತು. ಅದೇ ಆ ಗೋಡೆಯಾಚೆ, ಪ್ರಯೋಗಾಲಯದಲ್ಲಿ, ವರ್ಷ ವರ್ಷವೂ ಹುಡುಗರಿಗೆ ಇದೇ ಅನಿಲ ತಯಾರಿಸಿ ತೋರಿಸುತ್ತಿದ್ದರು. ಹತ್ತು ಅಡಿ ದೂರದ ಗುಂಡಿಗೆ ಇಳಿಯುವವನಿಗೆ ಒಂದು ಮಾತು ಹೇಳಲು ಮಾತ್ರ ಯಾರಿಗೂ ಪುರುಸೊತ್ತಾಗಿರಲಿಲ್ಲ. ಅವನು ತನ್ನ ಅಪ್ಪ ಕೊಟ್ಟ ತಪ್ಪನ್ನೇ ತಮ್ಮನಿಗೆ ಕೊಟ್ಟಿದ್ದ. ತಮ್ಮ ಸತ್ತ ಮೇಲೆ ಗೊತ್ತಿದ್ದ ಇವರೇ ಅವನನ್ನು ಕುಡುಕ ಎಂದು ಬರೆದುಕೊಂಡರು.

"ಇಳಿಯೋರನ್ನ ಬಿಟ್ಟು ಎಲ್ಲರಿಗೂ ಗೊತ್ತಿತ್ತು ಅಪ್ಪ," ಎಂದಳು. ಆಮೇಲೆ ಅವಳು ಅತ್ತಳು.

ಅಪ್ಪ ಅಳಲಿಲ್ಲ. "ಅದಕ್ಕೇನಾ ರಸಾಯನ?" ಎಂದ.

"ಹೂಂ."

"ಅಷ್ಟು ದಿನದಿಂದ ಕೇಳ್ತಿದೀನಿ. ಹೇಳ್ಲಿಲ್ವಲ್ಲೇ."

ಅಪ್ಪ ಎದ್ದ. ಉಸಿರು ಬಿಗಿಹಿಡಿದು ಹೋಗಿ, ಪಕ್ಕದಲ್ಲಿ ಬಿದ್ದಿದ್ದ ಸರಳಿನ ಕೊಕ್ಕೆಯಿಂದ ಮುಚ್ಚಳ ಎಳೆದು ಗುಂಡಿಯ ಮೇಲೆ ಕೂರಿಸಿದ. ಇಪ್ಪತ್ತೆರಡು ವರ್ಷದಲ್ಲಿ ಕೆಲಸ ಮುಗಿಸದೆ ಅವನು ಮುಚ್ಚಳ ಹಾಕಿದ್ದು ಅದೇ ಮೊದಲು. ಅಂಗಿ ಹಾಕಿಕೊಂಡ, ಬೂಟು ಹಾಕಿಕೊಂಡ. ಪ್ಯಾಂಟು ಇಳಿಸಿಕೊಳ್ಳುವುದು ಮರೆತ.

ಮೇಲ್ವಿಚಾರಕ ದೂರದಿಂದಲೇ ಏನಾಯಿತು ಎಂದು ಕೂಗಿದ. ನಿನ್ನ ಮಗಳ ವಿಷಯ ಪ್ರಿನ್ಸಿಪಾಲರಿಗೆ ಹೇಳಬೇಕೋ ಬೇಡವೋ ಎಂದು ಬೆದರಿಸಿದ. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಕಟ್ಟಡಕ್ಕೆ ಮುಂದಿನ ಬಾಗಿಲು ಎಲ್ಲಿದೆ ಎಂದು ಮಗಳನ್ನು ಕೇಳಿದ. ಅವಳಿಗೂ ಗೊತ್ತಿರಲಿಲ್ಲ. ಇಬ್ಬರೂ ಗೋಡೆ ಹಿಡಿದು ಸುತ್ತು ಹಾಕಿ ಹುಡುಕಿಕೊಂಡು ಹೋದರು. ಅಗಲವಾದ ಮೆಟ್ಟಿಲು, ಎರಡು ಕಂಬ, ಗಾಜಿನ ಬಾಗಿಲು. ಬಾಗಿಲಿನ ಜವಾನ ಮಡಿಸಿದ ಪ್ಯಾಂಟು ನೋಡಿ ಕೈ ಅಡ್ಡ ಇಟ್ಟ. ನನ್ನ ಮಗಳು ಇಲ್ಲಿ ಓದ್ತಾಳೆ ಎಂದು ಅಪ್ಪ ಆ ಕೈಯನ್ನು ಪಕ್ಕಕ್ಕೆ ಸರಿಸಿದ.

ಮಾರ್ಗದರ್ಶಕರು ಅವನನ್ನು ನೋಡಿ ಮುಗುಳ್ನಕ್ಕರು. ನಿಮ್ಮ ಮಗಳ ಭವಿಷ್ಯ ನಿಮ್ಮ ಕೈಯಲ್ಲಿದೆ, ಅವಳು ಚಿಕ್ಕವಳು, ಹಟ ಮಾಡುತ್ತಾಳೆ, ನೀವು ಬದುಕು ಕಂಡವರು ಎಂದು ಶುರು ಮಾಡಿದರು. ನೈರ್ಮಲ್ಯ ನಿರ್ವಹಣೆಯ ಗುಣಗಾನ ಮಾಡಿದರು. ನೂರಕ್ಕೆ ನೂರು ಎಂದು ಮೂರು ಸಲ ಹೇಳಿದರು. ಅಪ್ಪ ಪೂರ್ತಿ ಕೇಳಿಸಿಕೊಂಡ. ಮೇಲಿನವರ ಮಾತಿಗೆ ಅಡ್ಡ ಹೋಗಿ ಅವನಿಗೆ ರೂಢಿಯಿರಲಿಲ್ಲ.

"ನೂರಕ್ಕೆ ನೂರು ಸಿಗೋ ಕೆಲಸ ಯಾವುದು ಅಂತ ನಂಗೊತ್ತು ಸಾರ್," ಎಂದ. "ನಂಗೂ ಹಾಗೇ ಸಿಕ್ತು. ನನ್ನ ತಮ್ಮನಿಗೂ ಸಿಕ್ತು. ಬೇರೆ ಯಾರೂ ಬರಲ್ವಲ್ಲ, ಅದಕ್ಕೇ ಸಿಗತ್ತೆ."

ಮಾರ್ಗದರ್ಶಕರ ಮುಗುಳ್ನಗೆ ಅಲ್ಲಿಗೆ ನಿಂತಿತು. ಹಾಗಲ್ಲ, ಇದು ಮೇಲಿನ ದರ್ಜೆಯ ಕೆಲಸ, ಇಳಿಯಬೇಕಾಗಿಲ್ಲ, ಇಳಿಸಿದರೆ ಸಾಕು ಎಂದರು. ಆಡಿದ ಮೇಲೆ ಏನು ಆಡಿದೆ ಎಂದು ಅವರಿಗೂ ತಿಳಿಯಿತೇನೋ, ಕಾಗದ ಹುಡುಕತೊಡಗಿದರು.

ಯಾಕಮ್ಮ ಮೇಜಿನ ಮೇಲಿದ್ದ ರಬ್ಬರು ತೆಗೆದುಕೊಂಡಳು. ನೈರ್ಮಲ್ಯವನ್ನು ಉಜ್ಜಿದಳು. ಪೆನ್ನಿನಿಂದ, ಒತ್ತಿ, ರಸಾಯನಶಾಸ್ತ್ರ ಎಂದು ಬರೆದಳು. ಅಪ್ಪ ಕೆಳಗೆ ಸಹಿ ಹಾಕಿದ. ಅವನ ಸಹಿ ಮೂರು ಅಕ್ಷರ, ಪ್ರತಿಯೊಂದಕ್ಕೂ ಒಂದೊಂದು ಗಳಿಗೆ ಬೇಕು. ಅಷ್ಟು ಹೊತ್ತೂ ಮಾರ್ಗದರ್ಶಕರು ಮೊಹರನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಇದನ್ನು ನಾನೊಬ್ಬನೇ ತೀರ್ಮಾನ ಮಾಡಲಾಗದು, ಪ್ರಿನ್ಸಿಪಾಲರು ಬರಬೇಕು, ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ ಎಂದರು. ಖಾಲಿ ಇರುವ ಇಪ್ಪತ್ತೊಂಬತ್ತು ಸೀಟಿನಲ್ಲಿ ಒಂದನ್ನು ಕೊಡಲು ಪ್ರಿನ್ಸಿಪಾಲರು ಊಟ ಮುಗಿಸಿ ಬರಬೇಕಿತ್ತು. ಇತಿಹಾಸದವನಿಗೆ ಯಾರೂ ಬರಬೇಕಾಗಿರಲಿಲ್ಲ.

"ಇಲ್ಲೇ ಇರ್ತೀವಿ," ಎಂದಳು ಯಾಕಮ್ಮ.

ಮೊದಲ ಸಾಲಿನ ಎರಡು ಕುರ್ಚಿಯಲ್ಲಿ ಇಬ್ಬರೂ ಕೂತರು. ಅಪ್ಪ ಅಂಚಿನಲ್ಲಿ ಕೂತ, ಯಾರಾದರೂ ಏಳು ಎನ್ನುತ್ತಾರೇನೋ ಎಂಬಂತೆ. ಪಕ್ಕದ ಕುರ್ಚಿಯವರು ಎದ್ದು ಹಿಂದಿನ ಸಾಲಿಗೆ ಹೋದರು.

ಅಷ್ಟರಲ್ಲಿ ಮೇಲ್ವಿಚಾರಕ ಏದುಸಿರು ಬಿಡುತ್ತ ಒಳಗೆ ಬಂದ. ಶೌಚಾಲಯದ ನೀರು ಪಡಸಾಲೆಗೆ ಬಂದಿತ್ತು. ಬಾಗಿಲ ಹತ್ತಿರ ಕೂತವರು ಕಾಲು ಮೇಲೆತ್ತಿಕೊಳ್ಳುತ್ತಿದ್ದರು. ಅವನು ಅಪ್ಪನ ಮುಂದೆ ಬಂದು ನಿಂತ, ಇಷ್ಟು ಜನರ ಮುಂದೆ ಗದರಲೂ ಆಗದೆ, ಬೇಡಲೂ ಆಗದೆ. ಏಳು, ಒಂದು ಸಲ ಇಳಿದು ಹತ್ತು ಎಂದ.

"ಮೆಷಿನ್ ತರಿಸಿ ಸಾರ್. ಗಾಳಿ ಅಳೆಯೋ ಡಬ್ಬಿ ತರಿಸಿ," ಎಂದ ಅಪ್ಪ. ಡಬ್ಬಿಯ ವಿಷಯ ಅವನಿಗೆ ಮುಂದಿನ ಬಾಗಿಲು ಹುಡುಕುವಾಗ ಮಗಳು ಹೇಳಿದ್ದಳು.

"ಡಬ್ಬಿ ಯಾಕೆ? ವಾಸನೆ ಹೋಯ್ತು ಅಂತ ನೀನೇ ಹೇಳಿದ್ಯಲ್ಲ. ಇನ್ನೇನು ಭಯ ನಿಂಗೆ?"

ಅಪ್ಪ ಮಗಳನ್ನು ನೋಡಿದ. ಆಮೇಲೆ ಮೇಲ್ವಿಚಾರಕನನ್ನು ನೋಡಿದ. ಕೂತಲ್ಲಿಂದ ಏಳಲಿಲ್ಲ.

"ಹೌದು ಸಾರ್. ವಾಸನೆ ಹೋಗಿದೆ," ಎಂದ. "ಅದಕ್ಕೇ ಇಳಿಯಲ್ಲ."

ಮೇಜಿನ ಮೇಲೆ ಅರ್ಜಿ ಹಾಗೇ ಬಿದ್ದಿತ್ತು, ಮೊಹರು ಇನ್ನೂ ಬಿದ್ದಿರಲಿಲ್ಲ. ನೀರು ಕುರ್ಚಿಗಳ ಸಾಲಿನ ಕೆಳಗೆ ನಿಧಾನವಾಗಿ ಹರಿದು ಬರುತ್ತಿತ್ತು. ಅಪ್ಪ ಎರವಲು ಬೂಟಿನ ಕಾಲನ್ನು ಮೇಲೆತ್ತಿಕೊಳ್ಳಲಿಲ್ಲ. ಹಿಂದಕ್ಕೆ ಸರಿದು, ಮೊದಲ ಸಲ, ಕುರ್ಚಿಗೆ ಬೆನ್ನು ಕೊಟ್ಟು ಕೂತ.